ಎರಡನೇ ಟಪ್ಪಾ ಬೀಳೂದ್ರಾಗ

ಅತ್ತಿ ಮಂಚದ ನವಾರ ಬಿಚ್ಚಿ
ನಿಚ್ಚಣಿಕಿ ಮಾಡೀನಿ.
ಹತ್ತ ಮನಿ. ಕೆಂಪ ಮಣ್ಣಿನ ಮ್ಯಾಲ ಹಾಸಿ
ನಾಕೂ ಮೂಲಿಗೆ ಕಲ್ಲಿಟ್ಟರ
ಇಪ್ಪತ್ತ ವರ್ಷ ಮಂದೀನ್ನ ಮಲಗಿಸಿದ ಪಟ್ಟಿ
ಈಗ ಯಾರನ್ನೂ ನಿಂದ್ರಗೊಡೂದಿಲ್ಲ.
ಒಳಗ ಒಳಗ, ಹೊರಗ ಹೊರಗ,
ಪಟ್ಟಿ ತುಳದ್ರ ಮತ್ತ ಮೊದಲಿಂದ.

ಅದರ ಅಂಚ ಹೊಲದ ಕೊಟ್ಟಾವ್ರು
ಗಾದಿ ಅಂಗಡಿ ನದಾಫರು.
ರೊಕ್ಕ ಬ್ಯಾಡ್ರಿ ಟೀಚರ, ಅಂದ್ರು,
ಮಗಳನ್ನ ಕಳಸ್ತೀನಿ.

ವರ್ಕ್‌ಶಾಪಿನ ಭೋಂಗಾ ಇನ್ನೂ ಆಗಿಲ್ಲ.
ಕಂಪೌಂಡಿನ ಆಚೆ ಒಂದು ಗೂಡ್ಸ್ ಗಾಡಿ
ಡಬ್ಬಿಗೆ ಡಬ್ಬಿ ಬಡಕೊಂತ ಹುಬ್ಬಳ್ಳಿ ಬಿಡಾಕತ್ತೈತಿ.
ಅಂಕುಶ ಕಾಟವೆಯ ಅವ್ವ
ಸ್ಕೂಟಿ ಬಂದ್ ಮಾಡದ ಕೇಳತಾಳ:
ಹದಿನೈದ ದಿನಾ ಆತು, ರ್‍ಯಾಕೆಟ್ ಯಾವಾಗ ಹಿಡಿಸ್ತೀರಿ?

ಕೈಗೆ ಬರತೈತ್ರಿ ಅವ್ವಾರ,
ಮೊದಲ ಕಾಲಿಗೆ ಬರಲಿ.
ಹಿಮ್ಮಡಿ ಊರಿ ನಿಂತಾವ
ಆಗಲೇ ಅರ್ಧ ಪಾಯಿಂಟ್ ಸೋತಾನ.
ಎದುರಿನವರು ಹೊಡಿಯೂ ಹೊತ್ತಿಗೆ ಒಂದ ಸಣ್ಣ ಜಿಗಿತ
(ಕಾದ ಎಣ್ಣ್ಯಾಗ ಸಾಸಿವಿ
ಸಿಡಿಯೂ ಮುಂಚೆ ನಡಗತೈತಲ್ಲ, ಅಷ್ಟ)
ಎತ್ತರಕ್ಕಲ್ಲ,
ಎತ್ತಾಗರ ಹೋಗಾಕ.

ನಾ ಟೆನ್ನಿಸ್ ಆಡಿದಾಕಿ ಅಲ್ಲ. ಖೋಖೋ.
ಕಂಬ ಹಿಡದ ತಿರುಗೂದ್ರಾಗ ಈಕಿನಂಥಾಕಿ ಇಲ್ಲ ಅಂತಿದ್ರು.
ಓಡು ಅಂದ್ರು. ಇನ್ನೂ ಓಡು ಅಂದ್ರು.
ನಿಲ್ಲೂದ ಹ್ಯಾಂಗ ಅಂತ ಯಾರೂ ಹೇಳಲಿಲ್ಲ.
ಸವಣೂರಾಗ ಒಂದ ಸಂಜಿ
ಮೈ ಎಡಕ್ಕ ತಿರುಗಿತು, ಬಲಗಾಲ ತಿರುಗಲಿಲ್ಲ.
ಹಳೇ ಸೀರಿ ಹರದಂಥಾ ಸಪ್ಪಳ.
ಗೆದ್ವಿ ಅಂತ ದವಾಖಾನ್ಯಾಗ ಬಂದು ಹೇಳಿದ್ರು.

ಅದಕ್ಕ ಸುಣ್ಣದ ಗೆರಿ ಎಳದು
ನಿಲ್ಲೂದ ಕಲಸ್ತೀನಿ.
ಮೂರ ದೊಡ್ಡ ಹೆಜ್ಜಿ, ಆಮ್ಯಾಲ ಸಣ್ಣ ಸಣ್ಣವು ನಾಕೈದು.
ಮೊಳಕಾಲ ಮಣಸ್ರಿ, ತುಂಬಿದ ಬಿಂದಿಗಿ ಎತ್ತೂ ಹಂಗ.
ಬಿಂದಿಗಿ ಯಾರ್ ಎತ್ತತಾರ್ರಿ ಟೀಚರ,
ನಮ್ಮನ್ಯಾಗ ಫಿಲ್ಟರ್ ಐತಿ.
ಏಳೂ ಮಂದಿ ನಗತಾವ.
ಸರಿ, ಮೊಬೈಲ್ ಬಿದ್ದೈತಿ ಅಂತ ತಿಳಕೊಂಡು ಬಾಗ್ರಿ.
ಎಲ್ಲಾರೂ ಹೆಂಗ ಬಾಗಬೇಕೋ ಹಂಗ ಬಾಗಿದ್ರು.

ಕಡೇ ಆಟ ಚೆಂಡಿಂದು.
ನಾ ಎರಡೂ ಕೈ ಚಾಚಿ ನಿಲ್ಲತೀನಿ, ಕೈಗೊಂದ ಚೆಂಡು.
ಯಾವ ಕೈ ಬಿಚ್ಚತೈತಿ, ಹೇಳೂದಿಲ್ಲ.
ಎರಡನೇ ಟಪ್ಪಾ ಬೀಳೂದ್ರಾಗ ಹಿಡೀಬೇಕು.
ಹಿಡದ್ರ
ನಾ ಒಂದ ಹೆಜ್ಜಿ ಹಿಂದ.

ಅಂಕುಶ ಜಿಂಕಿ. ಆದ್ರ ಬಿಡೂಕಿಂತ ಮೊದಲ ಓಡತಾನ,
ಬಲಗೈ ಕಡೆ ಹೋಗಿ ಬರೇ ಗಾಳಿ ಹಿಡಕೊಂಡು ನಿಲ್ಲತಾನ,
ಎಡಗೈ ಚೆಂಡು ಅವನ ಹಿಂದ ಉಳ್ಳತೈತಿ.

ತರನ್ನುಮ ನದಾಫಗ ಕಾಲ ಭಾರ.
ನಿಚ್ಚಣಿಕ್ಯಾಗ ಎಣಿಸಿ ಎಣಿಸಿ ಇಡತಾಳ,
ಅಪ್ಪನ ಹೊಲಿಗಿ ಎಲ್ಲಿ ಬಿಚ್ಚೀತು ಅನ್ನೂ ಹಂಗ.
ಮೊದಲನೇ ವಾರ ನಾ ಎರಡ ಹೆಜ್ಜಿ ಸರದಿದ್ದೆ ಅಷ್ಟ.
ಮುಂದಿನ ವಾರ ಮೂರು.
ಆಮ್ಯಾಲ ಏನಾತೋ, ಒಂದ ಮುಂಜಾನಿ ಐದು, ಆರು.

ಹ್ಯಾಂಗ ಬಂದೀಲೇ? ಕೇಳಿದೆ.
ಕೈಯಾಗಿನ ಚೆಂಡ ಒರಸಿಕೊಂತ ಹೇಳಿದಳು:
ನಾ ನಿಮ್ಮ ಕೈ ನೋಡೂದ ಬಿಟ್ಟೀನ್ರಿ ಟೀಚರ.
ಎಡಗೈ ಬಿಡೂ ಮುಂಚೆ
ನಿಮ್ಮ ಬಲಗಾಲ ಮೊಳಕಾಲ
ಚೂರು ನಡಗತೈತಿ.

ಹದಿನಾರ ವರ್ಷ
ಮನ್ಯಾಗ ಯಾರಿಗೂ ಕಾಣಧಂಗ ಇಟ್ಟಿದ್ದೆ ಅದನ್ನ.

ಇವತ್ತ ಭೋಂಗಾ ಆಗೂ ಹೊತ್ತಿಗೆ
ಬೆನ್ನಿಗೆ ಜಾಳಿಗಿ ತಂತಿ ತಾಗೇತಿ.
ಹಿಂದ ಹೆಜ್ಜಿ ಉಳದಿಲ್ಲ.
ಎರಡೂ ಕೈ ಚಾಚೀನಿ, ಮೊಳಕಾಲ ಬಿಗಿ ಹಿಡದೀನಿ.
ಅಲ್ಲೆ, ಬಿಳೀ ಗೆರಿ ಮ್ಯಾಲ,
ಹಿಮ್ಮಡಿ ಎತ್ತಿಕೊಂಡು
ಆಕಿ ನೋಡಾಕತ್ತಾಳ.